ಕಡಲ ಬದಿಯ ಮನೆಗೆ ಹೊಕುಸಾಯ್‌ನ ಅಲೆ: ಎಷ್ಟು ದೊಡ್ಡದು, ಯಾವ ಗೋಡೆಗೆ?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ಹೊಸ ಮನೆ ಕಟ್ಟಿಸಿದ್ದೇವೆ. ಹಾಲ್‌ನ ಪಶ್ಚಿಮದ ಗೋಡೆ 14 ಅಡಿ ಉದ್ದ, ಪೂರ್ತಿ ಖಾಲಿ. ಅಲ್ಲಿಗೆ ಜಪಾನಿನ ಹೊಕುಸಾಯ್‌ನ ಆ ದೊಡ್ಡ ಅಲೆಯ ಚಿತ್ರವನ್ನು ಐದಡಿ ಅಗಲಕ್ಕೆ ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸುವ ಆಸೆ ನನ್ನದು. ಅತ್ತೆಗೆ ಮನಸ್ಸಿಲ್ಲ. ನಮ್ಮದು ಮೀನುಗಾರಿಕೆಯ ಮನೆತನ. "ದೋಣಿ ಮುಳುಗಿಸುವ ಸುನಾಮಿಯ ಪಟ ಮನೆಯೊಳಗೆ ಯಾಕೆ" ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಒಬ್ಬರು "ಹೊಕುಸಾಯ್‌ನ ಅಸಲಿ ಮರದಚ್ಚು, ಸರ್ಟಿಫಿಕೇಟ್ ಸಮೇತ" ಎಂದು 22,000 ರೂಪಾಯಿ ಹೇಳುತ್ತಿದ್ದಾರೆ. ತೆಗೆದುಕೊಳ್ಳಬಹುದೇ? ಮಳೆಗಾಲದ ಭಯವೂ ಇದೆ, ಹಳೆ ಮನೆಯಲ್ಲಿ ನಮ್ಮ ಮದುವೆ ಫೋಟೊಗೇ ಬೂಸ್ಟು ಬಂದಿತ್ತು. ಮಲಗುವ ಕೋಣೆಗೆ ಜಪಾನಿನ ಇನ್ನೊಬ್ಬ ಚಿತ್ರಗಾರ ಉತಾಮಾರೊನ ಹೆಂಗಸರ ಚಿತ್ರ ಇಷ್ಟವಾಗಿದೆ, ಆದರೆ ಅವರೆಲ್ಲ ವೇಶ್ಯೆಯರು ಎಂದು ಗೆಳತಿ ಹೇಳಿದಳು. ಲ್ಯಾಮಿನೇಟ್ ಮಾಡಿದ ಮೂರು ಪೋಸ್ಟರ್ ಈಗಾಗಲೇ ತಂದಿಟ್ಟಿದ್ದೇನೆ. ಅವನ್ನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು. ನನ್ನ ಕಣ್ಣು ನಿಂತದ್ದು ಮಾತ್ರ "ಐದಡಿ" ಮತ್ತು "ಪಶ್ಚಿಮದ ಗೋಡೆ" ಎಂಬ ಎರಡು ಮಾತಿನ ಮೇಲೆ. ಕಾಗದದ ಮೇಲಿನ ಚಿತ್ರಗಳನ್ನು ದುರಸ್ತಿ ಮಾಡುವುದು, ಅವಕ್ಕೆ ಫ್ರೇಮ್ ಹಾಕುವುದು ನನ್ನ ಕಸುಬು. ನಕಲಿ ಕೊಂಡು ಮೋಸಹೋದವರು ನನ್ನ ಬಳಿ ಬರುವುದುಂಟು. ಅವರಿಗಿಂತ ಹೆಚ್ಚಾಗಿ ಬರುವವರು ಸರಿಯಾದ ಚಿತ್ರವನ್ನೇ ಕೊಂಡು, ತಪ್ಪು ಗೋಡೆಗೆ ತೂಗುಹಾಕಿ ಕಳೆದುಕೊಂಡವರು. ಆದರೂ ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಅದು ಬಗೆಹರಿಯದೆ ಗೋಡೆಗೆ ಮೊಳೆ ಹೊಡೆಯುವುದು ಸರಿಯಲ್ಲ.

ಅದು ಸುನಾಮಿಯ ಚಿತ್ರವಲ್ಲ. ಕತ್ಸುಶಿಕಾ ಹೊಕುಸಾಯ್ (1760–1849) ಫ್ಯೂಜಿ ಬೆಟ್ಟವನ್ನು ಬೇರೆ ಬೇರೆ ಕಡೆಯಿಂದ ನೋಡಿ ಮಾಡಿದ "ಫ್ಯೂಜಿಯ ಮೂವತ್ತಾರು ನೋಟಗಳು" ಮಾಲಿಕೆಯಲ್ಲಿ, ಸುಮಾರು 1831ರಲ್ಲಿ ಹೊರಬಂದ ಒಂದು ಹಾಳೆ ಅದು. ಜನ ಮೆಚ್ಚಿದ್ದರಿಂದ ಮಾಲಿಕೆ ಕೊನೆಗೆ 46 ಹಾಳೆಗಳಿಗೆ ಬೆಳೆಯಿತು. ಈ ಹಾಳೆಯ ಹೆಸರು ಹೆಚ್ಚುಕಡಿಮೆ "ಕನಗಾವಾ ಕಡಲಿನಲ್ಲಿ ಅಲೆಯ ಅಡಿ" ಎಂದು. ಸುನಾಮಿ ನಡುಗಡಲಿನಲ್ಲಿ ಹೀಗೆ ಹೆಡೆ ಎತ್ತುವುದಿಲ್ಲ. ಆಳದ ನೀರಿನಲ್ಲಿ ಅದು ದೋಣಿಯ ಅಡಿಯಿಂದಲೇ ಹಾದುಹೋದರೂ ಗೊತ್ತಾಗದಷ್ಟು ತಗ್ಗಾಗಿರುತ್ತದೆ, ದಡದ ಹತ್ತಿರ ಬಂದ ಮೇಲೆ ಎದ್ದು ನಿಲ್ಲುತ್ತದೆ. ಹೊಕುಸಾಯ್ ತೋರಿಸಿದ್ದು ಬಿರುಸಿನ ಕಡಲಿನ ಅಲೆಯನ್ನು.

ಒಂದು ಒಳ್ಳೆಯ ಪ್ರತಿಯನ್ನು ಅತ್ತೆಯವರ ಮುಂದಿಟ್ಟು ಅದರೊಳಗಿನ ಮೂರು ದೋಣಿಗಳನ್ನು ತೋರಿಸಿ. ಹಿಡಿದ ಮೀನು ಕೆಡುವ ಮೊದಲೇ ಎದೊ ಪಟ್ಟಣದ, ಅಂದರೆ ಈಗಿನ ಟೋಕಿಯೊದ, ಮಾರುಕಟ್ಟೆಗೆ ಮುಟ್ಟಿಸಲು ಹಲವು ಮಂದಿ ಒಟ್ಟಿಗೆ ಹುಟ್ಟು ಹಾಕುತ್ತಿದ್ದ ವೇಗದ ದೋಣಿಗಳು ಅವು. ಹುಟ್ಟಿನವರು ಸಾಲಾಗಿ ಮೈ ಬಗ್ಗಿಸಿ, ತಲೆ ತಗ್ಗಿಸಿ ಕೂತಿದ್ದಾರೆ. ಒಂದು ದೋಣಿಯೂ ಮಗುಚಿಲ್ಲ, ಒಬ್ಬನೂ ನೀರಿಗೆ ಬಿದ್ದಿಲ್ಲ. ಅಲೆಯ ಅಬ್ಬರದಲ್ಲಿ ಈ ಜನರನ್ನು ಗಮನಿಸದೆ ಹೋಗುವವರೇ ಹೆಚ್ಚು. ಕಡಲನ್ನು ಬಲ್ಲ ಮನೆಯವರಿಗೆ ಮೊದಲು ಕಾಣುವುದು ಅವರೇ ಇರಬೇಕು. 2024ರ ಜುಲೈಯಲ್ಲಿ ಬಂದ ಹೊಸ ಸಾವಿರ ಯೆನ್ ನೋಟಿನ ಹಿಂಬದಿಯಲ್ಲಿ ಜಪಾನ್ ಇದೇ ಅಲೆಯನ್ನು ಅಚ್ಚು ಹಾಕಿದೆ ಎಂಬುದನ್ನೂ ಹೇಳಿ. ಆ ನಾಡಿನವರಿಗೆ ಇದು ಅಪಶಕುನವಲ್ಲ ಎನ್ನಲು ಅಷ್ಟು ಸಾಕು. ವಾಸ್ತುವಿನ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ.

ಇಷ್ಟು ಕೇಳಿದ ಮೇಲೂ ಅವರಿಗೆ ಬೇಡವೆನಿಸಿದರೆ ಹಾಲ್‌ನಲ್ಲಿ ಹಾಕಬೇಡಿ. ಕಡಲಿಗೆ ಹೋದವರು ಮರಳುವ ತನಕ ಕಾದು ಕೂತವರ ಭಯ ಇಸವಿ, ವಿವರಗಳಿಂದ ಕರಗುವಂಥದ್ದಲ್ಲ. ಅಲೆಯನ್ನು ನೀವು ಓದುವ, ಕೆಲಸ ಮಾಡುವ ಜಾಗಕ್ಕೆ ಇಟ್ಟುಕೊಳ್ಳಿ. ಹಾಲ್‌ಗೆ ಅದೇ ಮಾಲಿಕೆಯ ಕೆಂಪು ಫ್ಯೂಜಿ ಬರಲಿ. ತೆಂಕಣ ಗಾಳಿ, ತಿಳಿಯಾದ ಆಕಾಶ, ಬೆಳಗಿನ ಬೆಟ್ಟ, ಇಷ್ಟೇ ಅದರಲ್ಲಿರುವುದು. ನನ್ನ ಮಟ್ಟಿಗೆ ಅಲೆಗಿಂತ ಕಷ್ಟದ ಚಿತ್ರ ಅದು, ಏಕೆಂದರೆ ಬಚ್ಚಿಟ್ಟುಕೊಳ್ಳಲು ಅಲ್ಲಿ ಏನೂ ಇಲ್ಲ.

ಈಗ 22,000ದ "ಅಸಲಿ". ಇಲ್ಲಿ ತುಸು ಹೊತ್ತು ನಿಲ್ಲಬೇಕು, ಅಸಲಿ ಎಂಬುದೇ ಈ ಕಲೆಯಲ್ಲಿ ಬೇರೆ ಥರ. ಚಿತ್ರಗಾರ ತೆಳು ಕಾಗದದ ಮೇಲೆ ಗೆರೆಚಿತ್ರ ಬರೆದು ಕೊಡುತ್ತಿದ್ದ. ಅದನ್ನು ಕೆತ್ತುವವನು ಕಾಡು ಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಕಾಗದದ ಮೇಲೆಯೇ ಉಳಿ ಇಟ್ಟು ಗೆರೆಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಹಾಕುತ್ತಿದ್ದ. ಹೊಕುಸಾಯ್‌ನ ಕೈಬರಹದ ಚಿತ್ರ ಅಲ್ಲಿಗೇ ಮುಗಿಯಿತು. ಆಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಮುದ್ರಿಸುವವನು ನೀರಿನ ಬಣ್ಣಕ್ಕೆ ಅಕ್ಕಿಯ ಅಂಟು ಸೇರಿಸಿ ಹಲಗೆಗೆ ಹಚ್ಚಿ, ಕೋಜೊ ಗಿಡದ ನಾರಿನ ಕಾಗದವನ್ನು ಮೇಲಿಟ್ಟು, ಬಾರೆನ್ ಎಂಬ ಬಿದಿರಿನ ಸಿಪ್ಪೆ ಸುತ್ತಿದ ದುಂಡು ಬಿಲ್ಲೆಯಿಂದ ಬೆನ್ನು ಉಜ್ಜುತ್ತಿದ್ದ. ಎಲ್ಲ ಬಣ್ಣವೂ ಗೆರೆಯೊಳಗೆ ಕೂರಲು ಹಲಗೆಯ ಮೂಲೆಯಲ್ಲೂ ಅಂಚಿನಲ್ಲೂ ಕೆತ್ತಿದ ಎರಡು ಗುರುತುಗಳೇ ಆಧಾರ. ಆಕಾಶದ ನೀಲಿ ಮೇಲಿಂದ ಕೆಳಕ್ಕೆ ಮೆಲ್ಲನೆ ತೆಳುವಾಗುತ್ತದಲ್ಲ, ಅದನ್ನು ಪ್ರತಿ ಹಾಳೆಗೂ ಹಲಗೆಯ ಮೇಲೆ ಕೈಯಲ್ಲೇ ಒರೆಸಿ ಮಾಡಬೇಕು. ಇವರೆಲ್ಲರಿಗೂ ಕೆಲಸ ಹಂಚಿ ಹಣ ಹೂಡುತ್ತಿದ್ದವನು ಪ್ರಕಾಶಕ. ಹೀಗಾಗಿ "ಮೂಲ" ಎಂಬ ಒಂದೇ ವಸ್ತು ಎಲ್ಲಿಯೂ ಇಲ್ಲ. ಆ ಕಾಲದ ಹಲಗೆಯಿಂದ ತೆಗೆದ ಹಲವಾರು ಪ್ರತಿಗಳಿವೆ, ಒಂದರಂತೆ ಒಂದಿಲ್ಲ.

ಅಂಥ ಹಳೆಯ ಅಲೆಯ ಒಂದು ಪ್ರತಿ 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 27 ಲಕ್ಷ ಡಾಲರಿಗೂ ಮೇಲೆ ಹೋಯಿತು. ನಿಮ್ಮ ಮಾರಾಟಗಾರರು ಹೇಳುವುದು 1831ರ ಆಸುಪಾಸಿನ ಹಾಳೆ ಎಂದಾದರೆ ಮಾತು ಅಲ್ಲಿಗೇ ನಿಲ್ಲಲಿ.

ಆದರೆ ಇನ್ನೊಂದು ಸಾಧ್ಯತೆ ಇದೆ, ಅದನ್ನು ತಳ್ಳಿಹಾಕಬೇಡಿ. ಹಳೆಯ ಚಿತ್ರವನ್ನು ಹೊಸ ಹಲಗೆಗಳಲ್ಲಿ ಮತ್ತೆ ಕೆತ್ತಿ, ಅದೇ ಕ್ರಮದಲ್ಲಿ ಕೈಯಿಂದ ಮುದ್ರಿಸುವ ಕಾರ್ಯಾಗಾರಗಳು ಜಪಾನಿನಲ್ಲಿ ಇಂದಿಗೂ ಇವೆ. ಟೋಕಿಯೊದ ಅದಾಚಿ ಸಂಸ್ಥೆ 1928ರಿಂದ ಈ ಕೆಲಸ ಮಾಡುತ್ತಿದೆ. ಕ್ಯೋಟೊದ ಉನ್‌ಸೋದೊ 1891ರಲ್ಲಿ ಶುರುವಾದ ಪ್ರಕಾಶನ. ಇವರ ಹಾಳೆಗಳು ಪ್ರತಿಕೃತಿಗಳೇ, ಅವರೂ ಹಾಗೆಂದೇ ಹೇಳುತ್ತಾರೆ. ನನ್ನನ್ನು ಕೇಳಿದರೆ ಮನೆಯಲ್ಲಿಡಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕಾಗದದೊಳಗೆ ಇಳಿದು ಕೂತ ಬಣ್ಣ, ಬೆರಳಿಗೆ ಸಿಗುವ ಗೆರೆಯ ಒತ್ತು ಯಾವ ಯಂತ್ರದಿಂದಲೂ ಬರುವುದಿಲ್ಲ. ಅಂಥ ಹಾಳೆಗೆ ಸಾವಿರಗಟ್ಟಲೆ ರೂಪಾಯಿ ಕೊಡುವುದು ದುಂದಲ್ಲ.

ಹಾಗಾದರೆ ಮಾರಾಟಗಾರರಲ್ಲಿ ಕೇಳಬೇಕಾದದ್ದು: ಯಾವ ಕಾರ್ಯಾಗಾರ, ಯಾವ ವರ್ಷ, ಮತ್ತು ಹಾಳೆಯ ಬೆನ್ನಿನ ಫೋಟೊ. ಸರ್ಟಿಫಿಕೇಟನ್ನು ಯಾರು ಬೇಕಾದರೂ ಮುದ್ರಿಸಬಹುದು, ಬೆನ್ನು ಸುಳ್ಳು ಹೇಳುವುದು ಕಷ್ಟ. ಕೈಯಿಂದ ಮುದ್ರಿಸಿದ ಹಾಳೆಯ ಹಿಂದೆ ಬಣ್ಣ ತುಸು ಒಸರಿರುತ್ತದೆ, ಬಾರೆನ್ ಉಜ್ಜಿದ ಗುರುತೂ ಇರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ಮುಂಭಾಗ ನೋಡಿ. ಸಾಲುಸಾಲು ಬಣ್ಣದ ಚುಕ್ಕಿಗಳು ಹೂವಿನಂತೆ ಗುಂಪುಗೂಡಿದ್ದರೆ ಅದು ಆಫ್‌ಸೆಟ್ ಮುದ್ರಣ. ಸಣ್ಣ ಚುಕ್ಕಿಗಳು ಎರಚಿದಂತೆ ಚದುರಿದ್ದರೆ ಇಂಕ್‌ಜೆಟ್. ಮರದಚ್ಚಿನಲ್ಲಿ ಚುಕ್ಕಿ ಇರದು, ಬಣ್ಣ ನಾರಿನ ಮೇಲೆ ಒಂದೇ ಸಮ ಹರಡಿರುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ: ಕಾಗದ ಹಳದಿಯಾಗಿದ್ದರೆ ಅಸಲಿ ಎಂಬುದು. ಪ್ರತಿಕೃತಿಗಳನ್ನು ಮೇಜಿ ಕಾಲದಲ್ಲಿಯೇ (1868–1912) ಮಾಡುತ್ತಿದ್ದರು. ಅವಕ್ಕೂ ಈಗ ನೂರು ದಾಟಿದೆ, ಅವೂ ಹಳದಿಯಾಗಿವೆ. ಬೇಕೆಂದೇ ಕಂದು ಬಣ್ಣಕ್ಕೆ ತಿರುಗಿಸಿದ ಕಾಗದವೂ ಪೇಟೆಯಲ್ಲಿದೆ. ಕಾರ್ಯಾಗಾರದ ಹೆಸರು ಹೇಳಲು ತಡವರಿಸುವವರಿಂದ ಕೊಳ್ಳಬೇಡಿ.

ಇನ್ನು ಐದಡಿ. ಅಲೆಯ ಹಾಳೆ ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲ. ಎ3 ಹಾಳೆಗಿಂತ ಚಿಕ್ಕದು. ಎದೊ ಪಟ್ಟಣದ ಸಾಮಾನ್ಯ ಜನ ಅಗ್ಗಕ್ಕೆ ಕೊಂಡು, ಕೈಯಲ್ಲಿ ಹಿಡಿದು ನೋಡಿ, ಪೆಟ್ಟಿಗೆಯಲ್ಲೋ ಆಲ್ಬಮ್ಮಿನಲ್ಲೋ ಇಟ್ಟುಕೊಳ್ಳುತ್ತಿದ್ದ ಚಿತ್ರ. ಗೆರೆಯ ದಪ್ಪ, ನೊರೆಯ ಬೆರಳುಗಳ ನಡುವಿನ ಸಂದು, ದೂರದ ಫ್ಯೂಜಿ ಎಷ್ಟು ಸಣ್ಣದಿರಬೇಕು ಎಂಬ ಲೆಕ್ಕ, ಎಲ್ಲವೂ ಒಂದು ಮೊಳ ದೂರದ ಕಣ್ಣಿಗಾಗಿ ಹೊಂದಿಸಿದ್ದು. ಅದನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ, ಆಪ್ತರು ಬರೆದ ಕಾಗದವನ್ನು ಮೈಕಿನಲ್ಲಿ ಓದಿದ ಹಾಗಾಗುತ್ತದೆ. ಗೆರೆ ಹಗ್ಗವಾಗುತ್ತದೆ, ಕಾಗದದ ನಾರು ಕಲೆಯಾಗುತ್ತದೆ. ಮೇಲೆ ಕ್ಯಾನ್ವಾಸಿನ ನೇಯ್ಗೆ ಬೇರೆ. ಬಣ್ಣ ಚಪ್ಪಟೆಯಾಗಿ, ನಿರ್ಮಲವಾಗಿ ನಿಲ್ಲುವುದೇ ಈ ಚಿತ್ರಗಳ ಜೀವ. ನೇಯ್ಗೆಯ ಉಬ್ಬುತಗ್ಗು ಅದನ್ನು ಕೆಡಿಸುತ್ತದೆ. ಫೈಲಿನ ಲೆಕ್ಕವೂ ಕೂಡಿಬರದು. ಐದಡಿ ಅಂದರೆ 60 ಇಂಚು, ಇಂಚಿಗೆ 150 ಚುಕ್ಕಿಯಾದರೂ ಬೇಕೆಂದರೆ 9,000 ಪಿಕ್ಸೆಲ್ ಅಗಲದ ಫೈಲು ಬೇಕು. ನಿಮಗೆ ಸಿಕ್ಕಿರುವುದು 4,000ದ್ದಾದರೆ ಇಂಚಿಗೆ ಉಳಿಯುವುದು 67ರಷ್ಟು ಚುಕ್ಕಿ. ಮಸುಕಾಗದೆ ಇನ್ನೇನಾದೀತು?

ಎರಡು ಪಟ್ಟಿನವರೆಗೆ, ಅಂದರೆ ಸುಮಾರು 75 ಸೆಂಟಿಮೀಟರ್ ಅಗಲದ ತನಕ, ಒಳ್ಳೆಯ ಫೈಲು ಮತ್ತು ಹೊಳಪಿಲ್ಲದ ಕಾಗದ ಇದ್ದರೆ ನಾನು ಒಪ್ಪುತ್ತೇನೆ. ಉದ್ದ ಗೋಡೆ ತುಂಬಬೇಕೆಂದರೆ ದಾರಿ ಬೇರೆಯೇ ಇದೆ. ಉತಾಗಾವಾ ಹಿರೊಶಿಗೆ (1797–1858) ಎದೊದಿಂದ ಕ್ಯೋಟೊಗೆ ಹೋಗುವ ತೊಕಾಯ್ದೊ ದಾರಿಯ 53 ತಂಗುದಾಣಗಳನ್ನು 1833–34ರ ಹೊತ್ತಿಗೆ ಮಾಲಿಕೆಯಾಗಿ ಮಾಡಿದ. ಎರಡು ತುದಿಯೂ ಸೇರಿ 55 ಹಾಳೆ. ಅದರಿಂದ ಐದು ಆರಿಸಿ ಮೂಲ ಅಳತೆಯಲ್ಲೇ, ಸುತ್ತ ಅಗಲವಾದ ಬಿಳಿ ಮೌಂಟ್, ಅಂದರೆ ರಟ್ಟಿನ ಅಂಚು, ಬಿಟ್ಟು, ಒಂದೇ ಸಾಲಿನಲ್ಲಿ ಹಾಕಿ. ಚಿತ್ರದ ನಡುಭಾಗ ನೆಲದಿಂದ 145 ಸೆಂಟಿಮೀಟರ್ ಆಸುಪಾಸಿಗೆ ಬರಲಿ. ನಮ್ಮಲ್ಲಿ ದೇವರ ಪಟದ ರೂಢಿಯಿಂದಲೋ ಏನೋ ಎಲ್ಲವನ್ನೂ ತೀರಾ ಮೇಲೆ ಹೊಡೆಯುತ್ತೇವೆ, ಕತ್ತೆತ್ತಿ ನೋಡಿದರೆ ಈ ಚಿತ್ರಗಳಲ್ಲಿ ಏನೂ ಕಾಣದು. ನಿಮ್ಮ ಮನೆಗೆ ನನ್ನ ಮನಸ್ಸಿನಲ್ಲಿರುವುದು ಇನ್ನೊಂದು: ಹಿರೊಶಿಗೆ 1857ರಲ್ಲಿ ಮಾಡಿದ ನರುತೊ ಜಲಸಂಧಿಯ ಸುಳಿಗಳ ಚಿತ್ರ. ಮೂರು ಹಾಳೆ ಜೋಡಿಸಿದ ಅಗಲ ಚಿತ್ರ ಅದು, ಸೇರಿಸಿದರೆ ಸುಮಾರು 37ಕ್ಕೆ 75 ಸೆಂಟಿಮೀಟರ್. ನೀರು ತಿರುಗುತ್ತಿದೆ, ಬಂಡೆಗಳಿವೆ, ದೂರದಲ್ಲಿ ಬೆಟ್ಟದ ಸಾಲು. ಅಪಾಯಕ್ಕೆ ಸಿಕ್ಕಿದ ದೋಣಿ ಇಲ್ಲ.

ಪ್ರಿಂಟ್ ಹಾಕಿಸುವುದೇ ಆದರೆ ಫೈಲನ್ನು ವಸ್ತುಸಂಗ್ರಹಾಲಯದಿಂದಲೇ ಇಳಿಸಿಕೊಳ್ಳಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ, ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ 2018ರಿಂದ ಇಂಥ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿವೆ, ದುಡ್ಡಿಲ್ಲ. ಕಾಯಿದೆಯ ತೊಡಕೂ ಇಲ್ಲ. ನಮ್ಮಲ್ಲಿ ಹಕ್ಕುಸ್ವಾಮ್ಯ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ. ಪಿಗ್ಮೆಂಟ್ ಇಂಕು, ಹೊಳಪಿಲ್ಲದ ಹತ್ತಿಯ ಕಾಗದ ಎಂದು ಬಾಯಿಬಿಟ್ಟು ಹೇಳಿ. ಬಣ್ಣ "ಎದ್ದು ಕಾಣುವಂತೆ" ತಿದ್ದುವುದು ಬೇಡ ಎಂದೂ ಹೇಳಿ, ಇಲ್ಲದಿದ್ದರೆ ನೀಲಿ ಕಣ್ಣು ಕುಕ್ಕುವಂತೆ ಬರುತ್ತದೆ. ಅಂಚು ಕತ್ತರಿಸಬಾರದು. ಅಲೆಯ ಚಿತ್ರದ ಮೇಲಿನ ಎಡ ಮೂಲೆಯಲ್ಲಿ ಹೆಸರು, ಸಹಿ ಇರಬೇಕು. ಬಲಕ್ಕೆ ಬಂದಿದ್ದರೆ ಚಿತ್ರ ತಿರುವುಮುರುವು ಎಂದರ್ಥ. ಪೇಟೆಯಲ್ಲಿ ಅಂಥವೂ ಇವೆ.

ಬಣ್ಣದ ಬಗ್ಗೆ ಒಂದು ಮಾತು. ಹಳೆಯ ಪ್ರತಿಗಳ ಮಾಸಲು ಕಂದು ಕಲಾವಿದ ಬಯಸಿದ್ದಲ್ಲ. ಕುಸುಬೆ ಹೂವಿನ ಕೆಂಪು, ದಿನಹೂವಿನ ನೀಲಿ ಬೆಳಕಿಗೆ ಹಾರಿಹೋಗುವಂಥವು. ಅಲೆಯ ಗಾಢ ನೀಲಿ ಉಳಿದದ್ದು ಅದರಲ್ಲಿ ಹೊರಗಿನಿಂದ ಬಂದ ಪ್ರಶ್ಯನ್ ನೀಲಿ ಇದ್ದುದರಿಂದ. ಹಿಂದಿನ ಆಕಾಶದಲ್ಲಿದ್ದ ನಸುಗೆಂಪು ಮೋಡ ಹಲವು ಪ್ರತಿಗಳಲ್ಲಿ ಕಾಣುವುದೇ ಇಲ್ಲ. ಹೊಸದಾಗಿ ಕೆತ್ತಿ ಮುದ್ರಿಸಿದ ಹಾಳೆ ನಿಮಗೆ ತೀರಾ ಹೊಳೆಯುವಂತೆ ಕಂಡರೆ ಗಾಬರಿಯಾಗಬೇಡಿ. ಎದೊದ ಅಂಗಡಿಯಲ್ಲಿ ಕೊಂಡವರು ನೋಡಿದ್ದು ಅಂಥದ್ದನ್ನೇ.

ಈಗ ನಿಮ್ಮ ಪಶ್ಚಿಮದ ಗೋಡೆ. ಕರಾವಳಿಯ ಮನೆಯಲ್ಲಿ ಕಾಗದಕ್ಕೆ ಇದಕ್ಕಿಂತ ಕೆಟ್ಟ ಗೋಡೆ ಇಲ್ಲ. ಜೂನ್‌ನಿಂದ ಮಳೆ ಹೊಡೆಯುವುದು ಆ ಕಡೆಯಿಂದ, ಮಳೆ ಬಿಟ್ಟ ಮೇಲೆ ಸಂಜೆ ಬಿಸಿಲು ಕಾಯಿಸುವುದೂ ಅದನ್ನೇ. ಗೋಡೆ ನೆನೆದು, ಕಾದು, ಒಳಕ್ಕೆ ತೇವ ಬಿಡುತ್ತದೆ. ಫ್ರೇಮಿನ ಬೆನ್ನು ಗೋಡೆಗೆ ಅಂಟಿದ್ದರೆ ಆ ತೇವಕ್ಕೆ ಹೋಗಲು ಜಾಗವಿಲ್ಲ. ಗಾಳಿಯ ತೇವಾಂಶ 65–70 ಶೇಕಡಾ ದಾಟಿ ಹಾಗೇ ನಿಂತರೆ ಬೂಸ್ಟು ಏಳುತ್ತದೆ, ನಿಮ್ಮೂರಲ್ಲಿ ಆಷಾಢದಲ್ಲಿ ಅದು ಇಳಿಯುವುದೇ ಅಪರೂಪ. ಮದುವೆ ಫೋಟೊದಲ್ಲಿ ಆದದ್ದೂ ಇದೇ ಇರಬೇಕು: ಗಾಜು ನೇರವಾಗಿ ಕಾಗದಕ್ಕೆ ತಾಗಿತ್ತು, ಹಿಂದೆ ಹಾರ್ಡ್‌ಬೋರ್ಡ್ ಇತ್ತು, ಸುತ್ತ ಗಮ್ ಟೇಪು. ಕ್ಯಾನ್ವಾಸಾದರೆ ಬಚಾವು ಎಂದುಕೊಳ್ಳಬೇಡಿ. ಅದರ ಬಟ್ಟೆಗೂ ಮರದ ಚೌಕಟ್ಟಿಗೂ ಬೂಸ್ಟು ಬರುತ್ತದೆ, ತೇವಕ್ಕೆ ಅದು ಜೋಲುತ್ತದೆ ಕೂಡ.

ಚಿತ್ರಗಳನ್ನು ಮನೆಯ ಒಳಗೋಡೆಗೆ, ಎರಡು ಕೋಣೆಗಳ ನಡುವಿನ ಗೋಡೆಗೆ ಹಾಕಿ. ಬಚ್ಚಲುಮನೆಗೆ ತಾಗಿದ ಗೋಡೆ ಬೇಡ. ಫ್ರೇಮಿನವರ ಹತ್ತಿರ ಕೂತು ಹೇಳಿ: ಆಮ್ಲರಹಿತ ಮೌಂಟ್ ಬೋರ್ಡು, ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟಿನಷ್ಟು ಅಂತರ, ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ಅಥವಾ ರಬ್ಬರಿನ ತುಂಡು. ಚಿತ್ರವನ್ನು ಬೋರ್ಡಿಗೆ ಪೂರ್ತಿ ಅಂಟಿಸಲು ಬಿಡಬೇಡಿ. ಮೇಲಂಚಿನಲ್ಲಿ ಎರಡು ಕಡೆ ಜಪಾನಿ ಕಾಗದದ ಸಣ್ಣ ಪಟ್ಟಿ, ಗೋಧಿ ಪಿಷ್ಟದ ಅಂಟು ಸಾಕು, ಕಾಗದ ಹಿಗ್ಗಿ ಕುಗ್ಗಲು ಆಸ್ಪದ ಇರಬೇಕು. ಸೆಲ್ಲೊಟೇಪು, ಬಿಳಿ ಗೋಂದು ಕೂಡದು. ಒಳಗೆ ನುಸಿಗುಳಿಗೆ ಹಾಕುವ ಅಭ್ಯಾಸ ಕೆಲವರಿಗಿದೆ, ಅದೂ ಬೇಡ. ನೇರ ಬಿಸಿಲು ಬೀಳುವ ಕಡೆ ನೇರಳಾತೀತ ತಡೆಯುವ ಗಾಜು ಹಾಕಿದರೂ ಬಣ್ಣ ಹಾರುವುದು ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ. ಇಷ್ಟಾಗಿಯೂ ಬೂಸ್ಟು ಕಂಡರೆ ಹಾಳೆ ಹೊರತೆಗೆದು ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಣಗಿಸಿ, ಮೂಗು ಬಾಯಿ ಮುಚ್ಚಿಕೊಂಡು ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ಉದುರಿಸಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಕೈಮುದ್ರಣದ ಬಣ್ಣ ನೀರಿನದ್ದು, ಎದ್ದು ಬಂದೀತು.

ಜಪಾನಿನ ಮನೆಗಳಲ್ಲಿ ತೊಕೊನೊಮಾ ಎಂಬ ಗೂಡಿನಲ್ಲಿ ತೂಗುವ ಸುರುಳಿ ಚಿತ್ರವನ್ನು ಋತುವಿಗೆ ತಕ್ಕಂತೆ ಬದಲಿಸುತ್ತಾರೆ. ಕರಾವಳಿಗೆ ಇದು ಸೊಗಸಿಗಿಂತ ಹೆಚ್ಚಿನ ಉಪಕಾರ. ಹಿಂಬದಿ ತಿರುಪಿ ತೆಗೆಯುವಂಥ ಫ್ರೇಮ್ ಮಾಡಿಸಿ. ಕೈಮುದ್ರಣದ ಹಾಳೆ ಅಕ್ಟೋಬರ್‌ನಿಂದ ಮೇ ತನಕ ಗೋಡೆಯಲ್ಲಿರಲಿ, ಮಳೆ ಹಿಡಿಯುವ ಮುನ್ನ ಅದನ್ನು ಒಣ ಕಪಾಟಿಗೆ ಸೇರಿಸಿ ಅದರ ಜಾಗಕ್ಕೆ ಸಾಧಾರಣ ಪ್ರಿಂಟೊಂದನ್ನು ಹಾಕಿ. ಹಿರೊಶಿಗೆಯ ಸೇತುವೆಯ ಮೇಲಿನ ಹಠಾತ್ ಮಳೆಯ ಚಿತ್ರ (1857) ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ವ್ಯಾನ್ ಗೋ 1887ರಲ್ಲಿ ಎಣ್ಣೆಬಣ್ಣದಲ್ಲಿ ನಕಲು ಮಾಡಿದ್ದು ಅದನ್ನೇ.

ಉತಾಮಾರೊನ ಹೆಂಗಸರ ವಿಷಯದಲ್ಲಿ ನಿಮ್ಮ ಗೆಳತಿ ಹೇಳಿದ್ದು ಅರ್ಧ ನಿಜ. ಎದೊದ ಯೋಶಿವಾರಾ ಕೇರಿಯ ವೇಶ್ಯೆಯರನ್ನು ಅವನು ಬಹಳ ಚಿತ್ರಿಸಿದ್ದಾನೆ, ಅದನ್ನು ಮುಚ್ಚಿಡುವುದು ಬೇಡ. ಸಾಲ, ಬಡತನಕ್ಕೆ ಸಿಕ್ಕಿ ಮಾರಾಟವಾದ ಹುಡುಗಿಯರ ಕೇರಿ ಅದು, ಚಿತ್ರದ ರೇಷ್ಮೆ ಅದನ್ನು ಹೇಳುವುದಿಲ್ಲ. ಆದರೆ ಎಲ್ಲರೂ ಅವರಲ್ಲ. ಸುಮಾರು 1793ರ "ಇಂದಿನ ಮೂವರು ಚೆಲುವೆಯರು" ಚಿತ್ರದಲ್ಲಿರುವವರು ಚಹಾದಂಗಡಿಯ ಒಕಿತಾ, ಅಕ್ಕಿಯ ತಿಂಡಿ ಮಾರುವ ಅಂಗಡಿಯವನ ಮಗಳು ಒಹಿಸಾ, ಹಾಡು, ಕುಣಿತದಿಂದ ರಂಜಿಸುವ ಗೇಯ್ಶಾ ತೊಯೊಹಿನಾ. ಮಲಗುವ ಕೋಣೆಗೆ ನಾನಾದರೆ ಅದನ್ನೇ ಆರಿಸುತ್ತೇನೆ. ಮೂವರ ಮೂಗು, ಹುಬ್ಬಿನ ಸಣ್ಣ ವ್ಯತ್ಯಾಸ ಹುಡುಕುವುದೇ ಒಂದು ಸಂತೋಷ. ಮುಖ ಮಾತ್ರ ಕತ್ತರಿಸಿ ಮಾರುವ ಪ್ರಿಂಟುಗಳ ಪೂರ್ತಿ ಚಿತ್ರ ನೋಡದೆ ಕೊಳ್ಳಬೇಡಿ. ಕೆಲವು ಬಹಿರಂಗ ಶೃಂಗಾರದ ಹಾಳೆಗಳಿಂದ ತೆಗೆದವು.

ಕೊನೆಗೆ ಆ ಮೂರು ಪೋಸ್ಟರ್. ಲ್ಯಾಮಿನೇಟ್ ಆದದ್ದಕ್ಕೆ ಫ್ರೇಮ್ ಹಾಕಿಸಿ ದುಡ್ಡು ಕಳೆಯಬೇಡಿ, ಅಂಚಿನಿಂದ ತೇವ ಒಳಹೊಕ್ಕರೆ ಗುಳ್ಳೆ ಏಳುತ್ತದೆ. ಅವನ್ನು ಪರೀಕ್ಷೆಗೆ ಬಳಸಿ. ನೀವು ಆರಿಸಿದ ಒಳಗೋಡೆಗೆ ಒಂದು, ಪಶ್ಚಿಮದ ಗೋಡೆಗೆ ಒಂದು ಅಂಟಿಸಿ ಈ ಮಳೆಗಾಲ ಪೂರ್ತಿ ಬಿಡಿ. ಮೂರನೆಯದನ್ನು ಮೂಲ ಅಳತೆಗೆ ಕತ್ತರಿಸಿ ಹಾಲ್‌ನಲ್ಲಿ ಕಣ್ಣಿನ ಎತ್ತರಕ್ಕೆ ಇಟ್ಟು, ಕೂತಲ್ಲಿಂದ ಹೇಗೆ ಕಾಣುತ್ತದೆ, ಅತ್ತೆಯವರು ಏನನ್ನುತ್ತಾರೆ ನೋಡಿ. ನವರಾತ್ರಿಯ ಹೊತ್ತಿಗೆ ಮೊದಲಿನ ಎರಡನ್ನೂ ಕಿತ್ತು ಹಿಂದಿನ ಗೋಡೆ ಮುಟ್ಟಿ ನೋಡಿ. ಸುಣ್ಣ ಉಬ್ಬಿದ್ದರೆ, ಕಪ್ಪು ಚುಕ್ಕಿ ಬಂದಿದ್ದರೆ ಆ ಗೋಡೆ ಚಿತ್ರಕ್ಕಲ್ಲ, ಮೊದಲು ಹೊರಗಿನ ಬಿರುಕು ಮುಚ್ಚಿಸಿ. ಒಣಗಿದ್ದ ಗೋಡೆಗೆ ಅಳತೆ ತೆಗೆದುಕೊಂಡು ಆಮೇಲೆ ಫ್ರೇಮಿನವರಿಗೆ ಆರ್ಡರ್ ಕೊಡಿ.